ಒಂದು ಗಂಟೆ ಕೆರೆದುಕೊಳ್ಳಬಾರದು

ಕ್ಲೆಮ್ ಗೊರ್ಸ್ಕಿಯ ಎಡಗೈ ಮಣಿಕಟ್ಟಿಗೆ ಆಸ್ಪತ್ರೆಯವರು ಒಂದು ಕೆಂಪು ಪಟ್ಟಿ ಕಟ್ಟಿದ್ದರು. ಅದರ ಮೇಲೆ ಇದ್ದದ್ದು ಒಂದೇ ಪದ, ಪೆನ್ಸಿಲಿನ್. ಈ ಮನುಷ್ಯನಿಗೆ ಅದು ಆಗಿಬರುವುದಿಲ್ಲ, ಕೊಟ್ಟೀರಿ ಜೋಕೆ ಎಂದು ಅದರ ಅರ್ಥ. ಅರವತ್ತೊಂದು ವರ್ಷದಲ್ಲಿ ಕ್ಲೆಮ್ ಹೇಳಿದ ಸುಳ್ಳುಗಳಿಗೇನೂ ಬರವಿರಲಿಲ್ಲ. ಆದರೆ ದಾಖಲೆಗೆ ಸೇರಿ, ಕಂಪ್ಯೂಟರಿಗೆ ಏರಿ, ಕೊನೆಗೆ ಅವನ ಕೈಗೇ ಬಂದು ಕಟ್ಟಿಕೊಂಡ ಸುಳ್ಳು ಇದೊಂದೇ.

ಕ್ಲೆಮ್ ಗಾರೆ ಮೇಸ್ತ್ರಿ. ಹೋದ ವಾರ ಯಾರದೋ ಮನೆಯ ಹೊಗೆಗೂಡು ಕಟ್ಟುವಾಗ ಇಟ್ಟಿಗೆಯೊಂದು ಜಾರಿ ಮೊಣಕಾಲ ಕೆಳಗೆ ಬಿತ್ತು. ಗೀರಿದ ಗಾಯ, ಬಿಡು ಅಂದ. ನಾಲ್ಕು ದಿನಕ್ಕೆ ಕಾಲು ಕೆಂಪಾಗಿ ಊದಿಕೊಂಡಿತು. ಬುಧವಾರ ಆಸ್ಪತ್ರೆಗೆ ಸೇರಿಸಿದರು. ಪಟ್ಟಿ ನೋಡಿ, ಪೆನ್ಸಿಲಿನ್ ಬದಲು ವ್ಯಾಂಕೊಮೈಸಿನ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ತೊಟ್ಟು ತೊಟ್ಟಾಗಿ ಹರಿಸತೊಡಗಿದರು. ಕಾಲು ಇಳಿಯಿತು, ಜ್ವರ ಬಿಟ್ಟಿತು. ಆದರೆ ಶುಕ್ರವಾರ ಬೆಳಿಗ್ಗೆ ಡಾಕ್ಟರು ಬಂದು, "ಸೋಮವಾರದವರೆಗೆ ಇದನ್ನ ಮುಂದುವರಿಸ್ಬೇಕು" ಅಂದುಬಿಟ್ಟರು.

ಸೋಮವಾರ! ನಾಳೆ ಶನಿವಾರ ಬೆಳಗಾದರೆ ವಿಸ್ಕಾನ್ಸಿನ್ನಿನಲ್ಲಿ ಜಿಂಕೆ ಬೇಟೆ ಶುರು. ಆ ದಿನ ನಮ್ಮ ಕಡೆ ಮದುವೆ ಇಟ್ಟುಕೊಂಡವನಿಗೆ ಗಂಡಸರು ಯಾರೂ ಬರುವುದಿಲ್ಲ, ಸತ್ತವನಿಗೆ ಹೆಣ ಹೊರುವವರೂ ಸಿಗುವುದಿಲ್ಲ. ಗೊರ್ಸ್ಕಿಗಳ ಬೇಟೆ ಬಿಡಾರದಲ್ಲಂತೂ ಕ್ಲೆಮ್‌ನ ಅಪ್ಪ ಮಾಡಿಟ್ಟುಹೋದ ಕಟ್ಟಳೆ ಒಂದಿತ್ತು. ಓಕ್ ಮರದ ಮೇಲಿನ ದೊಡ್ಡ ಮಚಾನು ಯಾರದೋ ಅವನು ಮೊದಲ ದಿನ ಬೆಳಕು ಹರಿಯುವ ಮುಂಚೆ ಅದರಲ್ಲಿ ಕೂತಿರಬೇಕು. ಈಗ ಅದು ಕ್ಲೆಮ್‌ನದು. ತಪ್ಪಿದರೆ ಮಚಾನು ಸರದಿಯಲ್ಲಿರುವ ಮುಂದಿನವನಿಗೆ. ಆಮೇಲೆ ಅತ್ತು ಕರೆದರೂ ವಾಪಸ್ಸಿಲ್ಲ.

ಆ ಮುಂದಿನವನು ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಕ್ಲೆಮ್‌ನ ತಂಗಿ ಗಂಡ ನಾರ್ಬ್. ಹತ್ತೊಂಬತ್ತು ವರ್ಷದಿಂದ ಅವನ ಪಾಲಿಗೆ ಜವುಗಿನ ಅಂಚಿನ ಒಂದು ಮರದ ಬುಡ. ಅಷ್ಟೂ ವರ್ಷದಲ್ಲಿ ಅಲ್ಲಿ ಅವನಿಗೆ ಕಂಡದ್ದು ಎರಡು ಜಿಂಕೆ, ಎರಡರದೂ ಹಿಂಭಾಗ.

"ಸೋಮವಾರದವರೆಗೆ ಆರಾಮಾಗಿ ಮಲ್ಕೋ ಭಾವ," ಎಂದು ನಾರ್ಬ್ ಹೊದಿಕೆ ಸರಿಮಾಡಿದ. "ಆರೋಗ್ಯ ಮುಖ್ಯ. ಮಚಾನು ಏನು, ನಾಲ್ಕು ಹಲಗೆ."

"ಆ ನಾಲ್ಕು ಹಲಗೆ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ."

"ನಾನ್ಯಾಕೆ ಮುಟ್ಲಿ? ಕಟ್ಟಳೆ ಏನು ಹೇಳುತ್ತೋ ಅಷ್ಟೇ. ಮಾವ ಮಾಡಿದ್ದು, ಪುಣ್ಯಾತ್ಮರು."

ಹನ್ನೊಂದು ಗಂಟೆಗೆ ನಾರ್ಬ್ ಶುಕ್ರವಾರ ಮಾಂಸ ಬಿಟ್ಟವರಿಗೆಂದು ಕರಿಯುವ ಮೀನು ತಿನ್ನಲು ಕೆಳಗೆ ಕ್ಯಾಂಟೀನಿಗೆ ಹೋದ. ಅದೇ ಹೊತ್ತಿಗೆ ಆಸ್ಪತ್ರೆಯ ಔಷಧಿ ತಜ್ಞೆ ಶೆಂಗ್ ಒಳಗೆ ಬಂದಳು. ಮೂವತ್ತರ ಹುಡುಗಿ, ಮಾತು ಚುರುಕು.

"ಗೊರ್ಸ್ಕಿ ಅವರೇ, ನಿಮ್ಮ ಗಾಯದಲ್ಲಿ ಸಿಕ್ಕಿರೋ ಕೀಟಾಣು ಪೆನ್ಸಿಲಿನ್ ಕಂಡ್ರೆ ನಡುಗುತ್ತೆ. ಅದು ನಿಮಗೆ ಆಗೋಹಾಗಿದ್ರೆ ಮಾತ್ರೆ ಬರೆದುಕೊಟ್ಟು ಇವತ್ತು ಸಂಜೆನೇ ಮನೆಗೆ ಕಳಿಸಬಹುದಿತ್ತು. ನಿಜವಾಗಿ ಏನಾಗಿತ್ತು ನಿಮಗೆ?"

ಇವತ್ತು ಸಂಜೆ! ಕ್ಲೆಮ್ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ.

"ಯಾರಿಗೂ ಹೇಳಬಾರದು," ಅಂದ. "ಮುಖ್ಯವಾಗಿ ನಮ್ಮಮ್ಮನಿಗೆ."

"ಹೇಳಲ್ಲ."

"ನನಗೆ ಏನೂ ಆಗಿರ್ಲಿಲ್ಲ."

ಒಂಬತ್ತು ವರ್ಷದವನಿದ್ದಾಗ ಕ್ಲೆಮ್‌ಗೆ ಗಂಟಲು ನೋವು, ಜ್ವರ. ಡಾಕ್ಟರು ಮನೆಗೇ ಬಂದು ಕುಂಡಿಗೆ ಪೆನ್ಸಿಲಿನ್ ಸೂಜಿ ಚುಚ್ಚಿದರು. ಹುಡುಗ ಎರಡು ದಿನ ಕೂರಲಿಲ್ಲ. ನಾಳೆ ಮತ್ತೊಂದು ಅಂದಾಗ ಅವನಿಗೆ ಜೀವ ಹೋದಂತಾಯಿತು. ಜ್ವರದಲ್ಲೇ ಎದ್ದು ಹಿತ್ತಲಿಗೆ ಹೋಗಿ ತುರಿಕೆ ಸೊಪ್ಪು ಕಿತ್ತು ಎದೆ ಹೊಟ್ಟೆಗೆಲ್ಲ ಉಜ್ಜಿಕೊಂಡು ಬಂದು ಮಲಗಿದ. ಮೈಯೆಲ್ಲ ದದ್ದು ಎದ್ದಿತು. ಆಮೇಲೆ ಜ್ವರದ ಮಂಪರು, ಏನೂ ನೆನಪಿಲ್ಲ. ಎಚ್ಚರವಾದಾಗ ಅಮ್ಮ ಹಣೆ ಸವರುತ್ತ, ಇನ್ನು ನಿನಗೆ ಈ ಜನ್ಮದಲ್ಲಿ ಪೆನ್ಸಿಲಿನ್ ಇಲ್ಲ ಮಗಾ ಅಂದಳು. ಉಪಾಯ ಫಲಿಸಿತ್ತು.

"ಅಷ್ಟೇ ಕತೆ," ಅಂದ ಕ್ಲೆಮ್. "ಆದ್ರೆ ನಮ್ಮಮ್ಮ ಅದನ್ನ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲೂ ಹೇಳ್ತಾಳೆ. ಮುಖ ಊದಿಕೊಳ್ತು, ತುಟಿ ನೀಲಿಯಾಯ್ತು, ಉಸಿರು ನಿಂತೇಹೋಗ್ತಿತ್ತು ಅಂತ. ವರ್ಷ ವರ್ಷ ಬೆಳೀತಾನೇ ಇದೆ. ಅವಳಿಗೆ ಅದು ಹೆಮ್ಮೆ, ಮಗನ ಜೀವ ಉಳಿಸಿದೆ ಅಂತ. ನಾನು ಹೇಗೆ ಸತ್ಯ ಹೇಳ್ಲಿ?"

ಶೆಂಗ್ ನಕ್ಕುಬಿಟ್ಟಳು. ಪೆನ್ಸಿಲಿನ್ ಆಗಲ್ಲ ಅನ್ನುವ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಆಗುತ್ತದೆ ಎಂದು ಅವಳ ಅನುಭವ. ತುರಿಕೆ ಸೊಪ್ಪಿನ ಕತೆಯಂತೂ ಇದೇ ಮೊದಲು. ಕತೆ ಅಷ್ಟೇ ಆಗಿದ್ದರೆ ಚರ್ಮದ ಪರೀಕ್ಷೆಯೂ ಬೇಡ, ನೇರವಾಗಿ ಒಂದು ಮಾತ್ರೆ ನುಂಗಿಸಿ ಒಂದು ಗಂಟೆ ಕಾಯೋಣ, ದದ್ದು ಏಳದಿದ್ದರೆ ಪಟ್ಟಿ ಕತ್ತರಿಸಿ ಮನೆಗೆ ಕಳಿಸೋಣ ಎಂದು ಡಾಕ್ಟರನ್ನೂ ಒಪ್ಪಿಸಿದಳು.

ಎರಡು ಗಂಟೆಗೆ ಶೆಂಗ್ ಜೊತೆ ನರ್ಸ್ ಡಾರ್ಲಾ ಮಾತ್ರೆ ತಂದಳು. ಅಷ್ಟರಲ್ಲಿ ನಾರ್ಬ್ ವಾಪಸಾಗಿದ್ದ. ಈ ಮಾತ್ರೆ ಒಗ್ಗಿದರೆ ಭಾವ ಸಂಜೆಗೇ ಮನೆಗೆ ಎಂದು ಕೇಳಿ ಅವನ ಮುಖ ಬಿತ್ತು.

"ಇದೇನ್ ಮಾಡುತ್ತೆ ಒಳಗೆ ಹೋಗಿ?" ಎಂದು ಕ್ಲೆಮ್ ಕೇಳಿದ.

"ನಿಮ್ಮ ಕಸುಬೇ," ಅಂದಳು ಶೆಂಗ್. "ಕೀಟಾಣು ತನ್ನ ಸುತ್ತ ಗೋಡೆ ಕಟ್ಕೊಂಡಿರುತ್ತೆ. ದಿನಾ ಅದನ್ನ ರಿಪೇರಿ ಮಾಡ್ತಿರ್ಬೇಕು. ಪೆನ್ಸಿಲಿನ್ ಹೋಗಿ ಅದರ ಮೇಸ್ತ್ರಿ ಕೈ ಹಿಡ್ಕೊಂಡುಬಿಡುತ್ತೆ. ಇಟ್ಟಿಗೆ ಇಟ್ಟಿಗೆಗೆ ಬೆಸುಗೆ ಇಲ್ಲ. ಗೋಡೆ ಬಿರುಕು ಬಿಟ್ಟು ನೀರು ನುಗ್ಗಿ ಕೀಟಾಣು ಒಡೆದುಹೋಗುತ್ತೆ. ನಮ್ಮ ಮೈಯಲ್ಲಿ ಅಂಥಾ ಗೋಡೆ ಇಲ್ಲ, ಅದಕ್ಕೇ ನಮಗೇನೂ ಮಾಡಲ್ಲ."

"ಮತ್ತೆ ಮೂರು ದಿನದಿಂದ ಹರಿಸ್ತಿದ್ರಲ್ಲ, ಅದು?"

"ವ್ಯಾಂಕೊಮೈಸಿನ್ ಮೇಸ್ತ್ರಿ ತಂಟೆಗೆ ಹೋಗಲ್ಲ. ಇಟ್ಟಿಗೆ ಮೇಲೇ ಕೂತ್ಕೊಳ್ಳುತ್ತೆ. ಎತ್ತೋಕೆ ಬಿಡಲ್ಲ. ಅದರ ಮೈ ದೊಡ್ಡದು, ಹೊಟ್ಟೆಯಿಂದ ರಕ್ತಕ್ಕೆ ದಾಟಲ್ಲ. ಅದಕ್ಕೇ ನಾಳದಲ್ಲಿ, ಅದೂ ನಿಧಾನಕ್ಕೆ."

"ನಮ್ಮ ನಾರ್ಬ್ ಥರ," ಅಂದ ಕ್ಲೆಮ್. "ಕೆಲಸ ಮಾಡಲ್ಲ, ಇಟ್ಟಿಗೆ ಮೇಲೆ ಕೂತಿರ್ತಾನೆ." ಹಾಗಂದವನೇ ಮಾತ್ರೆ ನುಂಗಿ ನೀರು ಕುಡಿದ.

ಡಾರ್ಲಾ ಗಡಿಯಾರ ನೋಡಿ ಬರೆದುಕೊಂಡಳು. ಕೆರೆದರೂ ಚರ್ಮ ಕೆಂಪಾಗುತ್ತದೆ, ಒಂದು ಗಂಟೆ ಎಲ್ಲೂ ಕೆರೆದುಕೊಳ್ಳಬಾರದು ಎಂದಳು. ಹದಿನೈದು ನಿಮಿಷಕ್ಕೊಮ್ಮೆ ಬಂದು ನೋಡುವುದಾಗಿ ಹೇಳಿ ಶೆಂಗ್ ಜೊತೆ ಹೊರಟಳು.

ಯಾವತ್ತಾದರೂ ಗಮನಿಸಿದ್ದೀರಾ, ಕೆರೆದುಕೊಳ್ಳಬಾರದು ಅಂದಮೇಲೆ ಮೈ ಹೇಗಿರುತ್ತದೆ ಅಂತ? ಐದನೇ ನಿಮಿಷಕ್ಕೆ ಕ್ಲೆಮ್‌ನ ಬೆನ್ನು ತುರಿಸಿತು. ಏಳನೇ ನಿಮಿಷಕ್ಕೆ ಕಿವಿಯ ಹಿಂದೆ. ಇದೆಲ್ಲ ಭ್ರಮೆ, ತನಗೆ ಏನೂ ಆಗುವುದಿಲ್ಲ ಎಂದು ಜಗತ್ತಿನಲ್ಲಿ ಖಚಿತವಾಗಿ ಬಲ್ಲವನು ತಾನೊಬ್ಬನೇ ಎಂದುಕೊಂಡು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ.

ನಾರ್ಬ್ ಕುರ್ಚಿಯನ್ನು ಹತ್ತಿರ ಎಳೆದ. ಕನ್ನಡಕ ಹಾಕಿಕೊಂಡ.

"ಭಾವ, ಮೂಗು ಕೆಂಪಾಗಿದೆಯಲ್ಲ?"

"ನಲವತ್ತು ವರ್ಷದಿಂದ ಕೆಂಪಾಗಿದೆ. ಅದು ಬ್ರಾಂಡಿ."

"ಕತ್ತಿನ ಹತ್ರ ಒಂದು ಚುಕ್ಕೆ..."

"ಮಚ್ಚೆ. ನಿನ್ನ ಮದುವೆ ಫೋಟೋದಲ್ಲೂ ಇದೆ, ಹೋಗಿ ನೋಡ್ಕೋ."

"ನಮ್ಮ ಪಕ್ಕದ ಬೀದಿಯ ಒಬ್ಬ ಹೀಗೇ ಒಂದು ಮಾತ್ರೆ ನುಂಗಿ, ನಗ್ತಾ ನಗ್ತಾನೇ..."

"ನಾರ್ಬ್, ನಿನಗೆ ಮಚಾನು ಬೇಕು ಅಂತ ನನ್ನನ್ನ ಸಾಯಿಸ್ಬೇಡ್ವೋ."

ಮೂವತ್ತು ನಿಮಿಷಕ್ಕೆ ಡಾರ್ಲಾ ಬಂದು ಎದೆ, ಬೆನ್ನು, ನಾಲಿಗೆ ನೋಡಿ, "ಮಗು ಮೈಯಿದ್ದ ಹಾಗಿದೆ" ಅಂದಳು. ಕ್ಲೆಮ್‌ಗೆ ಆಗಲೇ ಓಕ್ ಎಲೆಯ ವಾಸನೆ ಬಂದಂತಾಯಿತು. ನಾರ್ಬ್ ಕಿಟಕಿಯ ಹತ್ತಿರ ಹೋಗಿ ನಿಟ್ಟುಸಿರು ಬಿಟ್ಟ. ಪಾಪ, ಹತ್ತೊಂಬತ್ತು ವರ್ಷ ಅಂದರೆ ಸುಮ್ಮನೆಯೇ?

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಬರ್ನಿಸ್ ಗೊರ್ಸ್ಕಿ ಬಂದಳು. ಕ್ಲೆಮ್‌ನ ತಾಯಿ, ಎಂಬತ್ತೈದು ವರ್ಷ, ಕೈಯಲ್ಲಿ ಗಸಗಸೆ ರೊಟ್ಟಿಯ ಪೊಟ್ಟಣ. ಸೋಮವಾರದವರೆಗೆ ಮಗ ಹಸಿದುಕೊಂಡಿರಬಾರದಲ್ಲ.

"ಬನ್ನಿ ಅತ್ತೆ," ಎಂದು ನಾರ್ಬ್ ಓಡಿಬಂದು ಕುರ್ಚಿ ಕೊಟ್ಟ. "ಭಾವನಿಗೆ ಈಗಷ್ಟೇ ಪೆನ್ಸಿಲಿನ್ ಕೊಟ್ರು."

ರೊಟ್ಟಿ ನೆಲಕ್ಕೆ ಬಿತ್ತು.

"ಏನು ಕೊಟ್ರು? ಅಯ್ಯೋ ದೇವರೇ! ಯಾರಲ್ಲಿ! ನನ್ನ ಮಗನ್ನ ಕೊಲ್ತಿದ್ದೀರಲ್ಲೋ! ಕೈಗೆ ಕೆಂಪು ಪಟ್ಟಿ ಕಟ್ಟಿದ್ದು ಅಲಂಕಾರಕ್ಕಾ?"

ಡಾರ್ಲಾ, ಶೆಂಗ್ ಇಬ್ಬರೂ ಓಡಿಬಂದರು. ಬರ್ನಿಸ್ ಮಗನ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೊರಟಿದ್ದಳು. ಡಾರ್ಲಾ ಅವಳನ್ನು ಹಿಡಿದುಕೊಂಡಳು. ಮುದುಕಿಯ ಕಣ್ಣಲ್ಲಿ ನೀರು. ಐವತ್ತೆರಡು ವರ್ಷ ಬಚ್ಚಿಟ್ಟದ್ದನ್ನು ಇನ್ನು ಇಟ್ಟುಕೊಳ್ಳಲು ಕ್ಲೆಮ್‌ನಿಂದ ಆಗಲಿಲ್ಲ.

"ಅಮ್ಮಾ, ನನಗೇನೂ ಆಗಲ್ಲ. ಅವತ್ತೂ ಆಗಿರ್ಲಿಲ್ಲ. ಸೂಜಿ ಹೆದರಿಕೆಗೆ ನಾನೇ ತುರಿಕೆ ಸೊಪ್ಪು ಉಜ್ಕೊಂಡಿದ್ದೆ. ಅದರ ದದ್ದು ಅದು. ತಪ್ಪಾಯ್ತು."

ನಾರ್ಬ್ ಬಾಯಿ ಬಿಟ್ಟುಕೊಂಡು ನಿಂತ. ಬರ್ನಿಸ್ ಮಗನನ್ನು ದುರುಗುಟ್ಟಿ ನೋಡಿದಳು.

"ಅದು ನನಗೆ ಗೊತ್ತಿಲ್ವೇನೋ ಪೆದ್ದ? ಅಂಗಿ ಜೇಬಲ್ಲಿ ಸೊಪ್ಪು ಹಾಗೇ ಇತ್ತು. ನಾನೇ ಮೈ ಒರೆಸಿ, ಡಾಕ್ಟರಿಗೆ ತೋರಿಸ್ದೆ. ಅವರು ಹೊಟ್ಟೆ ಹಿಡ್ಕೊಂಡು ನಕ್ರು."

"ನಕ್ಕು?"

"ನಕ್ಕು, ನೀನು ಜ್ವರದಲ್ಲಿ ನಿದ್ದೆ ಮಾಡ್ತಿದ್ಯಲ್ಲ, ಹಾಗೇ ಮಗ್ಗುಲು ತಿರುಗಿಸಿ ಎರಡನೇ ಸೂಜಿ ಕೊಟ್ರು. ಅದಾಗಿ ಹತ್ತು ನಿಮಿಷಕ್ಕೆ ಕಣೋ ನಿನ್ನ ಮುಖ ಊದಿಕೊಂಡಿದ್ದು! ತುಟಿ ನೀಲಿಯಾಗಿದ್ದು! ಪ್ರತಿ ವರ್ಷ ಹೇಳ್ತೀನಲ್ಲ, ಊಟ ಮಾಡ್ತಾ ಮಾಡ್ತಾ ಕೇಳಿಸ್ಕೊಳ್ತಿದ್ದೆ ತಾನೆ?"

ಶೆಂಗ್‌ಳ ಮುಖದಲ್ಲಿ ಇದ್ದ ನಗು ಎಲ್ಲಿ ಹೋಯಿತೋ. "ಸೊಪ್ಪಿನ ವಿಷಯ ಯಾಕಮ್ಮಾ ಯಾವತ್ತೂ ಹೇಳ್ಲಿಲ್ಲ?" ಎಂದು ಕೇಳಿದಳು.

"ಮಗನ ಮಾನ ಕಾಯೋದು ಬೇಡವಾ? ಸೂಜಿಗೆ ಹೆದರಿ ಸೊಪ್ಪು ಉಜ್ಕೊಂಡ ಅಂತ ನೆಂಟರ ಮುಂದೆ ಹೇಳ್ಲಾ? ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತಿದ್ದೆ."

"ಡಾರ್ಲಾ," ಅಂದಳು ಶೆಂಗ್, ದನಿ ಏರಿಸದೆ, "ಅಡ್ರಿನಲಿನ್ ಸೂಜಿ ತಗೊಂಡು ಬಾ. ಬೇಗ. ಡಾಕ್ಟರನ್ನೂ ಕರಿ."

ಕ್ಲೆಮ್ ಗಡಿಯಾರ ನೋಡಿದ. ನಲವತ್ತೊಂದು ನಿಮಿಷ. ಅಂಗೈ ತುರಿಸಿತು. ಇದು ಭ್ರಮೆ ಎಂದುಕೊಂಡ. ಅಂಗಾಲು ತುರಿಸಿತು. ಮೊಣಕೈ ಒಳಮಡಿಕೆಯಲ್ಲಿ ಒಂದು ಬಿಳಿಚಿದ ಗುಳ್ಳೆ ಎದ್ದು, ಅವನು ನೋಡುತ್ತಿದ್ದಂತೆಯೇ ಅದರ ಅಕ್ಕಪಕ್ಕ ಇನ್ನೆರಡು ಎದ್ದವು. ಎದೆಯ ಮೇಲೆ ಕೆಂಪು ಹರಡಿತು. ತುಟಿ ತನ್ನದಲ್ಲವೇನೋ ಅನ್ನುವಷ್ಟು ದಪ್ಪವಾಯಿತು.

"ನಾರ್ಬ್," ಅಂದ. ದನಿ ಗೊಗ್ಗರಾಗಿತ್ತು. "ನೋಡು, ಕೆಂಪಾಗಿದೀನಾ?"

ಇಷ್ಟು ಹೊತ್ತು ಇಲ್ಲದ ಕೆಂಪನ್ನು ಹುಡುಕಿದವನಿಗೆ ಈಗ ನೋಡಲು ಧೈರ್ಯ ಬರಲಿಲ್ಲ. "ಇಲ್ಲ ಭಾವ, ಏನಿಲ್ಲ, ಚೆನ್ನಾಗಿದೀಯ," ಎಂದು ಅಳುತ್ತ ಕ್ಲೆಮ್‌ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಬರ್ನಿಸ್ ಜಪಮಾಲೆ ತೆಗೆದಳು. ಡಾರ್ಲಾ ಬಂದವಳೇ ಮಾತಿಲ್ಲದೆ ತೊಡೆಗೆ ಸೂಜಿ ಚುಚ್ಚಿದಳು. ಕ್ಲೆಮ್ ಕಿರುಚಿದ್ದು ಕೆಳಗಿನ ಕ್ಯಾಂಟೀನಿಗೂ ಕೇಳಿಸಿತಂತೆ.

ಹತ್ತು ನಿಮಿಷ ಕಳೆಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ತಲೆ ಆಡಿಸಿದರು. ತುಟಿ ಇಳಿಯಿತು, ಉಸಿರು ಸರಾಗವಾಯಿತು. ಗುಳ್ಳೆಗಳೂ ಒಂದೊಂದಾಗಿ ಅಡಗಿದವು. ಎಲ್ಲರೂ ಉಸಿರು ಬಿಟ್ಟರು. ಶೆಂಗ್ ಹಾಸಿಗೆಯ ಪಕ್ಕ ಕೂತಳು.

"ತಪ್ಪು ನನ್ನದೂ ಹೌದು," ಅಂದಳು. "ನಿಮ್ಮ ತಾಯೀನ ಒಂದು ಮಾತು ಕೇಳ್ಬೇಕಿತ್ತು."

"ಅಮ್ಮನಿಗೆ ಹೇಳಬೇಡಿ ಅಂದವನು ನಾನೇ," ಅಂದ ಕ್ಲೆಮ್. "ಹಾಗಾದ್ರೆ ಮನೆಗೆ?"

"ಸೋಮವಾರ. ಮತ್ತೆ ವ್ಯಾಂಕೊಮೈಸಿನ್ನೇ."

ಡಾರ್ಲಾ ಕತ್ತರಿ ತಂದಿದ್ದಳು. ಹಳೆಯ ಪಟ್ಟಿ ಕತ್ತರಿಸಿದಳು, ಅಷ್ಟೇ ಕೆಂಪಾದ ಹೊಸದೊಂದನ್ನು ಬಿಗಿಯಾಗಿ ಕಟ್ಟಿದಳು.

ನಾರ್ಬ್ ಮುಖ ತೊಳೆದುಕೊಂಡು ಬಂದ. ಕಣ್ಣು ಇನ್ನೂ ಕೆಂಪಗಿತ್ತು. ಕೊಕ್ಕೆಯಿಂದ ಟೋಪಿ ತೆಗೆದುಕೊಂಡ, ಮತ್ತೆ ತೂಗುಹಾಕಿದ, ಮತ್ತೆ ತೆಗೆದುಕೊಂಡ.

"ಭಾವ, ನೀನು ಸತ್ತೇಹೋಗ್ತೀಯ ಅಂದ್ಕೊಂಡೆ ಕಣೋ. ಮಚಾನೂ ಬೇಡ ಏನೂ ಬೇಡ, ಉಳಿಸಪ್ಪಾ ಅಂತ ದೇವರಿಗೆ ಹೇಳ್ಕೊಂಡೆ."

ಕ್ಲೆಮ್ ಕೈ ಚಾಚಿ ಅವನ ತೋಳು ಹಿಡಿದ. "ಹಾಗಾದ್ರೆ ನಾಳೆ ಮಚಾನು ಹತ್ತಲ್ವಾ?"

"ಹತ್ತದೆ? ದೇವರಿಗೆ ಹೇಳಿದ್ದು ನಾನು. ಕಟ್ಟಳೆ ಮಾವಂದು. ಅದನ್ನ ಮುರಿಯೋಕೆ ನಾನ್ಯಾರು?"

ಕ್ಲೆಮ್ ತಾಯಿಯ ಕಡೆ ನೋಡಿದ. ಗಂಡನ ಕಟ್ಟಳೆಯನ್ನು ಸಡಿಲಿಸುವ ಅಧಿಕಾರ ಲೋಕದಲ್ಲಿ ಅವಳೊಬ್ಬಳಿಗೇ ಇತ್ತು. ಅವಳು ನೆಲದಿಂದ ಎತ್ತಿದ ರೊಟ್ಟಿಯ ಧೂಳು ಊದಿ ಡಾರ್ಲಾಗೆ ಒಂದು ತುಂಡು ಮುರಿದುಕೊಡುತ್ತಿದ್ದಳು.

"ಹೋಗ್ಲಿ ಬಿಡು, ನಾರ್ಬೇ ಕೂರ್ಲಿ," ಅಂದಳು. "ನನ್ನ ಕತೆ ಸುಳ್ಳು ಅಂತ ಐವತ್ತು ವರ್ಷ ಮನಸ್ಸಲ್ಲೇ ನಗ್ತಿದ್ದನಲ್ಲ ಇವ್ನು. ಇನ್ನು ಮಾನ ಕಾಯೋ ಕೆಲಸ ನನಗಿಲ್ಲ. ಮುಂದಿನ ಗುರುವಾರ ಥ್ಯಾಂಕ್ಸ್‌ಗಿವಿಂಗು. ಸೊಪ್ಪಿನಿಂದಾನೇ ಶುರುಮಾಡ್ತೀನಿ."

ನಾರ್ಬ್ ಬಾಗಿಲವರೆಗೆ ಹೋದವನು ನಿಂತ. ಇವತ್ತು ಸಂಜೆ ಬಿಡಾರದಲ್ಲಿ ಹನ್ನೊಂದು ಜನ ಗಂಡಸರು ಒಲೆ ಸುತ್ತ ಕೂತಿರುತ್ತಾರೆ, ಕ್ಲೆಮ್ ಎಲ್ಲಿ ಅಂತ ಕೇಳುತ್ತಾರೆ. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಅವನು ಮತ್ತೆ ಕುರ್ಚಿಯಲ್ಲಿ ಕೂತ.

"ಅತ್ತೆ, ಗುರುವಾರದವರೆಗೆ ಯಾಕೆ? ಅವ್ನು ಸೊಪ್ಪನ್ನ ಎಲ್ಲೆಲ್ಲಿ ಉಜ್ಕೊಂಡಿದ್ದ, ಅದನ್ನ ಸ್ವಲ್ಪ ಬಿಡಿಸಿ ಹೇಳಿ."