ಗಿನಿ ಕೋಳಿ ಮರಿಗಳ ಜನ್ಮದಿನಾಂಕ

ಹನುಮಮ್ಮ: ಆ ಬಲ್ಬು ಇಳಿಸ್ರೀ ಅಂದೆ! ಇನ್ನೊಂದು ಸತ್ತ ಮೇಲೆ ಇಳಿಸ್ತೀರಾ?

ಮರಿಯಣ್ಣ: ಇಳಿಸೋ ಹಾಗಿಲ್ಲ ಕಣೇ. ಇವತ್ತಿಂದ ಎರಡನೇ ವಾರ, ಅದಕ್ಕೇ ಬೆಳಿಗ್ಗೆ ಮೇಲೆತ್ತಿದ್ದು. ಮೊದಲನೇ ವಾರ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್, ಎರಡನೇ ವಾರ ತೊಂಬತ್ತು. ಕೋಳಿ ಸಾಕಣೆ ತರಬೇತೀಲಿ ಕೊಟ್ಟ ಪುಸ್ತಕದಲ್ಲಿ ಅಚ್ಚಾಗೈತೆ.

ಹನುಮಮ್ಮ: ಪುಸ್ತಕಕ್ಕೆ ಚಳಿ ಆಗಲ್ಲ. ಇವಕ್ಕೆ ಆಯ್ತದೆ.

ಮಾದಿಹಳ್ಳಿಯ ಆ ಮನೆಯ ಹಿಂದಿನ ಕೋಣೆಯಲ್ಲಿ ಬಿದಿರು ತಟ್ಟಿಯನ್ನು ದುಂಡಗೆ ಬಾಗಿಸಿ ಕಟ್ಟಿ, ನಡುವೆ ಹಗ್ಗದಲ್ಲಿ ನೂರು ಕ್ಯಾಂಡಲ್ ಬಲ್ಬು ಇಳಿಬಿಟ್ಟಿದ್ದರು. ಮರಿಗಳನ್ನು ಬೆಚ್ಚಗಿಡುವ ಬ್ರೂಡರ್ ಅದೇ. ಮರಿಯಣ್ಣನವರು ಎರಡು ಬಸ್ಸು ಬದಲಿಸಿ, ಅರಸೀಕೆರೆಯ ಕಡೆಯ ಫಾರಂನಿಂದ ತೊಡೆಯ ಮೇಲಿಟ್ಟುಕೊಂಡು ತಂದ ಮೂವತ್ತು ಗಿನಿ ಕೋಳಿ ಮರಿಗಳು ಅದರೊಳಗಿದ್ದವು. ಬೆಳಿಗ್ಗೆ ಎರಡು ಸತ್ತು, ಉಳಿದ ಇಪ್ಪತ್ತೆಂಟು ಬಲ್ಬಿನ ಕೆಳಗೆ ಗುಡ್ಡೆ ಬಿದ್ದು ಕಿರುಚುತ್ತಿದ್ದವು. ಮರಿಯಣ್ಣನವರು ಹೆಡ್ ಗುಮಾಸ್ತರಾಗಿ ನಿವೃತ್ತರಾದವರು. ಈ ಮನೆಗೆ ಮರಿಗಳಿಗಿಂತ ಮೊದಲು ರಿಜಿಸ್ಟರು ಬಂದಿತ್ತು.

ಮರಿಯಣ್ಣ: ಸತ್ತಿದ್ದಕ್ಕೆ ಕಾರಣ ಬರೆದಾಗೈತೆ. 'ಸ್ವಾಭಾವಿಕ'.

ಹನುಮಮ್ಮ: ಏನು ಸ್ವಾಭಾವಿಕ? ಅಡೀಲಿ ಸಿಕ್ಕೊಂಡು ಉಸಿರುಕಟ್ಟಿ ಸತ್ವು! ಚಳಿಯಾದ್ರೆ ಗುಡ್ಡೆ ಬೀಳ್ತವೆ, ಸೆಕೆಯಾದ್ರೆ ತಟ್ಟಿ ಕಡೆ ಓಡ್ತವೆ, ಹದವಾಗಿದ್ರೆ ಹರಡ್ಕೊಂಡು ಮೇಯ್ತವೆ. ಇಷ್ಟು ತಿಳಿಯಾಕೆ ಎರಡು ದಿನ ತರಬೇತಿ ಬೇಕಾ?

ಮರಿಯಣ್ಣ: ಥರ್ಮಾಮೀಟರು ಸರಿಯಾಗಿ ತೊಂಬತ್ತು ತೋರಿಸ್ತೈತೆ.

ಹನುಮಮ್ಮ: ಹಂಗಾದ್ರೆ ಮೊಟ್ಟೇನೂ ಅದೇ ಇಡ್ಲಿ. ಮೊನ್ನೆ ಪೇಪರು ಹಾಸಿ ಮರಿಗಳ ಕಾಲು ಜಾರಿಸಿದ್ರಿ. ಗೋಣಿ ಹಾಸಿದ್ದು ಯಾರು? ಕುಡಿಯಾಕೆ ಹೋಗಿ ಮುಳುಗಿ ಸಾಯ್ತವೆ ಅಂತ ನೀರಿನ ತಟ್ಟೆಗೆ ಕಲ್ಲು ಹಾಕಿದ್ದು ಯಾರು?

ಮರಿಯಣ್ಣ: ಅದನ್ನೂ ಷರಾ ಕಾಲಂನಲ್ಲಿ ಬರೆದಿದ್ದೀನಿ. 'ಕಲ್ಲು ಹಾಕಲಾಯಿತು'.

ಹನುಮಮ್ಮ: ಯಾರು ಹಾಕಿದ್ರು ಅಂತ?

ಮರಿಯಣ್ಣ: ಕಾಲಂನಲ್ಲಿ ಜಾಗ ಸಾಲಲಿಲ್ಲ.

ಹನುಮಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ನಿಲುವಿನ ಅರ್ಥ ಮರಿಯಣ್ಣನವರಿಗೆ ಚೆನ್ನಾಗಿ ಗೊತ್ತು. ಆದರೂ ಅವರು ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಧೈರ್ಯ ತಂದುಕೊಂಡರು.

ಹನುಮಮ್ಮ: ಮರಿ ತಂದು ಇವತ್ತಿಗೆ ನಾಲ್ಕನೇ ದಿನ. ಎರಡನೇ ವಾರ ಎಲ್ಲಿಂದ ಬಂತು?

ಮರಿಯಣ್ಣ: ಫಾರಂ ಚೀಟೀಲಿ ತಾರೀಖು ಐದು. ಇವತ್ತು ಹನ್ನೆರಡು. ಲೆಕ್ಕ ಹಾಕ್ಕೋ.

ಹನುಮಮ್ಮ: ಅಯ್ಯೋ, ಅದು ನೀವು ಮರಿ ಬೇಕು ಅಂತ ಹೇಳಿ ಬಂದ ದಿನ! ಅವತ್ತು ಇವು ಮೊಟ್ಟೇಲಿದ್ವು.

ಮರಿಯಣ್ಣ: ಮೊಟ್ಟೆ ಅಂತ ಎಲ್ಲೂ ಬರೆದಿಲ್ಲ. 'ಗಿನಿ ಮರಿ, ಮೂವತ್ತು' ಅಂತೈತೆ. ದಾಖಲೇಲಿ ಇರೋದು ಒಂದೇ ತಾರೀಖು. ಅದೇ ಹುಟ್ಟಿದ ದಿನ.

ಹನುಮಮ್ಮ: ಪೆಟ್ಟಿಗೆ ಬಿಚ್ಚಿದಾಗ ಹೊಕ್ಕುಳು ಇನ್ನೂ ಆರಿರಲಿಲ್ಲ ಕಣ್ರೀ. ನಾನೇ ನೋಡ್ದೆ.

ಮರಿಯಣ್ಣ: ಹೊಕ್ಕುಳ ಮೇಲೆ ಸೀಲು ಇತ್ತಾ?

ಹನುಮಮ್ಮ ಬಗ್ಗಿ, ಗುಡ್ಡೆಯ ಅಡಿಯಿಂದ ಒಂದು ಮರಿಯನ್ನು ಬಿಡಿಸಿ ಸೆರಗಿನಲ್ಲಿ ಇಟ್ಟುಕೊಂಡರು. ಅದು ಕಣ್ಣು ಅರೆ ಮುಚ್ಚಿ ನಡುಗುತ್ತಿತ್ತು.

ಹನುಮಮ್ಮ: ಸರಿ. ನೀವು ಯಾವ ವಯಸ್ಸಿಗೆ ರಿಟೈರಾದ್ರಿ?

ಮರಿಯಣ್ಣ: ಅದ್ಯಾಕೆ ಈಗ? ದಾಖಲೇಲಿ ಐವತ್ತೆಂಟು.

ಹನುಮಮ್ಮ: ನಿಜವಾಗಿ?

ಮರಿಯಣ್ಣ: ನಿಜವಾಗಿ ಐವತ್ತಾರು! ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ವಯಸ್ಸು ಸಾಲಲ್ಲ ಅಂತ ಎರಡು ವರ್ಷ ಸೇರಿಸಿ, ಜೂನ್ ಒಂದು ಅಂತ ಬರೆದುಬಿಟ್ರು. ತಿದ್ದಿ ಅಂತ ಹನ್ನೊಂದು ವರ್ಷ ಅರ್ಜಿ ಹಾಕ್ದೆ. ಅವ್ವನ್ನೇ ಕಚೇರಿಗೆ ಕರ್ಕೊಂಡು ಹೋದೆ. ಹೆತ್ತವಳು ಹೇಳ್ತಾವ್ಳೆ, ಎದುರಿಗೆ ನಾನೇ ನಿಂತಿದೀನಿ, ಅಲ್ಲಿದ್ದ ಅಧಿಕಾರಿ ತಲೆ ಎತ್ತಿ ನನ್ನ ಮುಖ ನೋಡ್ಲಿಲ್ಲ ಕಣೇ! ಬರೀ ಪುಸ್ತಕ ನೋಡ್ದ!

ಹನುಮಮ್ಮ: ಈ ಮರಿ ಮುಖ ನೋಡ್ರಿ.

ಮರಿಯಣ್ಣನವರು ಕನ್ನಡಕ ಸರಿಪಡಿಸಿಕೊಂಡು ಸೆರಗಿನ ಮರಿಯ ಕಡೆ ಬಗ್ಗಿದರು. ಬೀಳ್ಕೊಡುಗೆಯ ದಿನ ಶಾಲು ಹೊದ್ದು, ಕೊಟ್ಟ ಗೋಡೆ ಗಡಿಯಾರ ಹಿಡಿದು ಮನೆಗೆ ಬಂದು, ಊಟ ಬಿಟ್ಟು ಕೂತಿದ್ದು ನೆನಪಾಯಿತು. ಆ ಅಧಿಕಾರಿಯನ್ನು ಇಷ್ಟು ವರ್ಷ ಬೈದದ್ದಕ್ಕೆ ಲೆಕ್ಕವಿಲ್ಲ. ಈಗ ಅವನೇ ತಮ್ಮ ಕನ್ನಡಕ ಹಾಕಿಕೊಂಡು ತಮ್ಮ ಮನೆಯಲ್ಲಿ ಕೂತಿದ್ದಾನೆ ಅನ್ನಿಸಿ ಅವರಿಗೆ ತುಂಬಾ ನಾಚಿಕೆಯಾಯಿತು. ಹಗ್ಗ ಸಡಿಲಿಸಿ ಬಲ್ಬನ್ನು ಒಂದು ಗೇಣು ಇಳಿಸಿದರು.

ಸ್ವಲ್ಪ ಹೊತ್ತಿಗೆ ಗುಡ್ಡೆ ಬಿಚ್ಚಿಕೊಂಡಿತು. ಒಂದು ಮರಿ ನೀರಿನ ತಟ್ಟೆಯ ಕಡೆ ನಡೆಯಿತು, ಅದರ ಹಿಂದೆ ಇನ್ನೆರಡು. ಹನುಮಮ್ಮ ಸೆರಗಿನಲ್ಲಿದ್ದದ್ದನ್ನೂ ಒಳಗೆ ಬಿಟ್ಟರು. ಅಷ್ಟರಲ್ಲಿ ಮರಿಯಣ್ಣನವರು ಕೆಂಪು ಶಾಯಿಯ ಪೆನ್ನು ಹುಡುಕಿ, ರಿಜಿಸ್ಟರಿನಲ್ಲಿ 'ಐದು' ಹೊಡೆದುಹಾಕಿ 'ಒಂಬತ್ತು' ಎಂದು ಬರೆದು ರುಜು ಹಾಕುತ್ತಿದ್ದರು.

ಹನುಮಮ್ಮ: ಏನ್ರೀ ಇದು, ಹೆಡ್ ಗುಮಾಸ್ತರು ಅರ್ಜಿ ಇಲ್ದೇನೇ ಹುಟ್ಟಿದ ತಾರೀಖು ತಿದ್ದಿಬಿಟ್ರಾ?

ಮರಿಯಣ್ಣ: ಬೆಳಿಗ್ಗೆಯಿಂದ ಇಪ್ಪತ್ತೆಂಟೂ ಬಾಯಿ ಬಿಟ್ಟು ಅರ್ಜಿ ಹಾಕ್ತಾನೇ ಇದ್ವಲ್ಲೇ.

ಹನುಮಮ್ಮ: ಮತ್ತೆ ನಾನು ಹಾಕಿದ್ದು?

ಮರಿಯಣ್ಣ: ನಿಂದು ಅರ್ಜಿ ಅಲ್ಲ ಕಣೇ, ಮೇಲಿನಿಂದ ಬಂದ ಆದೇಶ.