ನಲ್ಲಿಗೂ ಒಂದು ಆಸರೆ

ನಮ್ಮ ಮನೆಯಲ್ಲಿ ಯಾರು ಕೆಲಸ ಮಾಡುತ್ತಾರೆ, ಯಾರು ಮಾಡಿದಂತೆ ನಟಿಸುತ್ತಾರೆ ಎಂದು ಪತ್ತೆ ಹಚ್ಚುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ! ಗಂಡ ಪಾತ್ರೆ ತೊಳೆದೆ ಎಂದರೆ ಸಾಕು, ಲೋಟದ ತಳ ಮೂಸಿ ನೋಡಿ ಸೋಪು ಮುಟ್ಟಿದೆಯೋ ಬರೀ ನೀರು ತೋರಿಸಿದ್ದೋ ಹೇಳಬಲ್ಲೆ. ಇಂಥ ಹದ್ದಿನ ಕಣ್ಣಿನವಳು ಒಂದು ಭಾನುವಾರ ಹಿತ್ತಲಲ್ಲಿ ನಿಂತು ಘೋಷಿಸಿದೆ: "ಈ ತೋಟದ ಚಹರೆಯನ್ನೇ ಬದಲಾಯಿಸುತ್ತೇನೆ!"

ಬೆಂಕಿ ಹಚ್ಚಿದವಳು ಆಫೀಸಿನ ಗೆಳತಿ. ಹಿಂದಿನ ದಿನ ಬಂದವಳು ಹಿತ್ತಲಿಗೆ ಇಣುಕಿ, "ಇದೇನೇ ಇದು, ಪೊರಕೆಗಳ ವೃದ್ಧಾಶ್ರಮ!" ಎಂದು ನಕ್ಕಿದ್ದಳು.

ಅವಳ ಮಾತು ಸುಳ್ಳಾಗಿರಲಿಲ್ಲ. ತೋಟ ಅತ್ತೆಯದು. ಟೊಮ್ಯಾಟೊ ಗಿಡಗಳಿಗೆ, ಬೀನ್ಸ್ ಬಳ್ಳಿಗಳಿಗೆ ಅವರು ಕೊಟ್ಟ ಆಸರೆಗಳೆಲ್ಲ ಮನೆಗೆಲಸದಿಂದ ನಿವೃತ್ತರಾದವರೇ. ತಲೆಗೂದಲು ಉದುರಿದ ಪೊರಕೆ, ಮಾಪುಗಳ ಕೋಲು, ಬಟ್ಟೆ ಕಳಚಿದ ಛತ್ರಿ, ಪರದೆಯ ಸರಳು, ಮುರಿದ ಮಂಚದ ಅಡ್ಡಪಟ್ಟಿ. ವರ್ಷಗಟ್ಟಲೆ ನೆಲ ಒರೆಸಿದ ಮೇಲೂ ಪಾಪ ಬಿಡುಗಡೆಯಿಲ್ಲ, ಈಗ ಟೊಮ್ಯಾಟೊ ಹೊರಬೇಕು! ಗಿಡಗಳನ್ನು ಬಿಗಿದಿದ್ದು ನನ್ನ ಗಂಡನ ಹಳೇ ಪೈಜಾಮದ ಲಾಡಿಗಳಿಂದ. ಆ ಪೈಜಾಮಗಳಿಂದ ಮನೆಗಾದ ಉಪಕಾರ ಅದೊಂದೇ.

ಎಲ್ಲಕ್ಕಿಂತ ವಿಚಿತ್ರವೆಂದರೆ ನಲ್ಲಿಯ ಪಕ್ಕದ ಕೋಲು. ಅಲ್ಲಿ ಗಿಡವೇ ಇಲ್ಲ!

"ನಲ್ಲಿಗೂ ಆಸರೆ ಕೊಟ್ಟಿದೀರಲ್ಲ ಅತ್ತೆ, ಅದೂ ಬಳ್ಳಿಯಾಗಿ ಹಬ್ಬುತ್ತಾ?"

"ಸೋರೋ ನಲ್ಲಿ. ಯಾವತ್ತಾದ್ರೂ ಚಿಗುರೀತು," ಎಂದರು ಅತ್ತೆ, ಮುಖ ಎತ್ತದೆ.

ಅತ್ತೆ ನರ್ಸಾಗಿದ್ದವರು. ಜೀವಮಾನವೆಲ್ಲ ವಾರ್ಡಿನಲ್ಲಿ ನಿಂತೇ ದುಡಿದು, ಏಳಲಾಗದವರಿಗೆ ಭುಜ ಕೊಟ್ಟು ನಡೆಸಿದವರು. ಹೋದ ವರ್ಷ ಅವರ ಮೊಣಕಾಲು ನೋಡಿದ ಡಾಕ್ಟರು, "ಇನ್ನುಮುಂದೆ ಕೋಲು ಊರಬೇಕು" ಎಂದಿದ್ದರು. ಗಂಡ ಒಂದು ಊರುಗೋಲು ತಂದೂ ಕೊಟ್ಟ. ಅದು ಬಾಗಿಲ ಹಿಂದೆ ನಿಂತು ಜೇಡನ ಬಲೆಗೆ ಆಸರೆಯಾಯಿತು. ಕೇಳಿದರೆ ಅತ್ತೆಯದು ಒಂದೇ ಉತ್ತರ: "ಡಾಕ್ಟರು ಹೇಳಿದ ಹಾಗೇ ಮಾಡ್ತಿದೀನಿ." ಹಸೀ ಸುಳ್ಳು ಎಂದುಕೊಂಡರೂ ನಾನು ಸುಮ್ಮನಿದ್ದೆ. ತೋಟದಲ್ಲಿ ಚುರುಕಾಗಿಯೇ ಓಡಾಡುತ್ತಿದ್ದರಲ್ಲ!

ಸರಿ, ಗಿಡದಂಗಡಿಗೆ ನಮ್ಮ ದಂಡಯಾತ್ರೆ ಹೊರಟಿತು.

"ಬಿದಿರು ಸಾಕಲ್ವಾ?" ಎಂದ ಗಂಡ.

"ಸಾಲದು. ನನಗೆ ಎರಡೇ ಬೇಕು. ಅಂದ, ಬಾಳಿಕೆ."

"ಟೊಮ್ಯಾಟೊಗೆ ಅಂದ ಯಾಕೆ?"

"ಏನೂ ಕೆಲಸ ಮಾಡದೆ ನಿಂತಿರುವಾಗ ನೀನು ತಲೆ ಬಾಚ್ಕೊಂಡು ನಿಲ್ಲಲ್ವಾ? ಹಾಗೆ!"

ಇದು ಮುಗಿಯುವ ಜಗಳವಲ್ಲ ಎಂದು ಅರಿತ ಅಂಗಡಿಯವನು ನಡುವೆ ಒಂದು ಕಡ್ಡಿ ತೂರಿಸಿದ. ಸುರುಳಿ ಸುರುಳಿಯಾದ ಕಬ್ಬಿಣ, ಚಿನ್ನದ ಬಣ್ಣ, ತುದಿಯಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ! "ತುಕ್ಕು ಹಿಡಿಯಲ್ಲ ಮೇಡಂ. ಹತ್ತು ವರ್ಷ ಗ್ಯಾರಂಟಿ." ನಾನು ಅಲ್ಲೇ ಕರಗಿಹೋದೆ.

ಅತ್ತೆ ಮಧ್ಯಾಹ್ನ ಮಲಗಿದ್ದಾಗ ಹಳೆಯ ಕೋಲುಗಳನ್ನು ಕೀಳಲು ಹೊರಟೆವು. ಜಪ್ಪಯ್ಯ ಎಂದರೂ ಬರಲೊಲ್ಲವು! ಇಬ್ಬರೂ ಜೋತುಬಿದ್ದು ಎಳೆದೆವು.

"ಅಮ್ಮ ಇದನ್ನ ಆನೆ ಕಟ್ಟೋಕೆ ಊರಿದಾಳಾ?" ಎಂದು ಗಂಡ ಏದುಸಿರು ಬಿಟ್ಟ. ಆ ಪ್ರಶ್ನೆಯನ್ನು ಒಂದು ನಿಮಿಷ ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾವು ಯೋಚಿಸಲಿಲ್ಲ, ಕಿತ್ತೆವು.

ಅತ್ತೆ ಎದ್ದು ಅಡುಗೆಮನೆಯ ಹೊಸ್ತಿಲಿಗೆ ಬಂದರು. ಹಿತ್ತಲ ತುಂಬ ಚಿನ್ನದ ಹಕ್ಕಿಗಳು ಥಳಥಳಿಸುತ್ತಿದ್ದವು.

"ಹೇಗಿದೆ ಅತ್ತೆ?"

"ಚೆನ್ನಾಗಿದೆ. ಕೋಲುಗಳು ಎಲ್ಲಿ?"

"ಕಸದ ಲಾರಿಗೆ ಹಾಕಿದ್ವಿ."

"ಎಲ್ಲಾನೂ?"

"ಎಲ್ಲಾನೂ! ನಲ್ಲಿ ಹತ್ತಿರದ್ದೂ!" ಎಂದೆ ಹೆಮ್ಮೆಯಿಂದ.

ಅತ್ತೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಒಳಗೆ ಹೋದರು.

ಮರುದಿನ ಅವರು ತೋಟಕ್ಕೆ ಇಳಿಯಲಿಲ್ಲ. ಕೇಳಿದರೆ, ಬಿಸಿಲು. ಅದರ ಮರುದಿನ ಮೋಡ. ಆಮೇಲೆ ಬಿಸಿಲೂ ಅಲ್ಲದ ಮೋಡವೂ ಅಲ್ಲದ ಒಂಥರಾ ಹವೆ. "ಅಮ್ಮನಿಗೆ ನಿನ್ನ ಮೇಲೆ ಮುನಿಸು," ಎಂದು ಗಂಡ ತೀರ್ಪು ಕೊಟ್ಟ. ನನಗೂ ಹಾಗೇ ಅನ್ನಿಸಿತು. ಅತ್ತೆ ಸೊಸೆ ನಡುವೆ ಮೌನ ಬಂದರೆ ಅದಕ್ಕೆ ಮುನಿಸಲ್ಲದೆ ಬೇರೆ ಹೆಸರಿರಬಹುದೆಂದು ನನಗೇಕೆ ಹೊಳೆಯಲಿಲ್ಲವೋ! ನೀರು ಹಾಕುವ ಕೆಲಸ ನನ್ನ ತಲೆಗೆ ಬಂತು. ಗಂಡನಿಗೆ ಹೇಳಿದರೆ ಒಂದೇ ಗಿಡಕ್ಕೆ ಬಕೆಟ್ ಬೋರಲು ಹಾಕಿ, ಉಳಿದವುಗಳಿಗೆ ಆಕಾಶ ತೋರಿಸಿ ಬಂದ. ಹಣ್ಣುಗಳು ಉದುರಿ ಕೊಳೆತವು.

ಕೊನೆಗೆ ನನ್ನ ನಾಲಿಗೆ ತನ್ನ ಕೆಲಸ ಮಾಡಿತು.

"ಹಕ್ಕಿ ಮೇಲಿನ ಸಿಟ್ಟನ್ನ ಹಣ್ಣಿನ ಮೇಲೆ ತೀರಿಸ್ಕೋಬೇಡಿ ಅತ್ತೆ. ಕೈಕಾಲು ಗಟ್ಟಿಯಿದ್ದೂ ಕೂತಿರೋದು ನಿಮ್ಮ ಮಗನ ಕಲೆ, ನಿಮಗೆ ಒಪ್ಪಲ್ಲ."

ಆಡಿದ ಮಾತನ್ನು ನುಂಗುವ ಗುಳಿಗೆಯನ್ನು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಅತ್ತೆ ನನ್ನನ್ನೊಮ್ಮೆ ನೋಡಿ, ಬುಟ್ಟಿ ತೆಗೆದುಕೊಂಡು, ಮೆಟ್ಟಿಲಿಳಿದರು. ನಾನು ಗೆದ್ದವಳಂತೆ ಕಿಟಕಿಯಲ್ಲಿ ನಿಂತೆ. ಅತ್ತೆ ಕೈ ಚಾಚಿ ಮೊದಲ ಹಕ್ಕಿಯನ್ನು ಹಿಡಿದರು. ಹಕ್ಕಿ ಸೊಂಟ ಬಗ್ಗಿಸಿ ಅವರಿಗೆ ನಮಸ್ಕಾರ ಮಾಡಿತು. ಸುರುಳಿ ಬಿಚ್ಚಿಕೊಂಡಿತು. ಅತ್ತೆ ಟೊಮ್ಯಾಟೊಗಳ ನಡುವೆ ಕೂತರು, ಅಲ್ಲ, ಬಿದ್ದರು.

ಓಡಿದೆವು. ಗಂಡನ ಕೂಗಿಗೆ ಪಕ್ಕದ ಮನೆಯ ನಾಯಿಯೂ ದನಿಗೂಡಿಸಿತು. ಅತ್ತೆ ತಮ್ಮ ಕಾಲನ್ನು ತಾವೇ ಒತ್ತಿ ನೋಡಿಕೊಂಡರು.

"ಮೂಳೆ ಮುರಿದಿಲ್ಲ. ಉಳುಕು. ಕೂಗ್ಬೇಡ ಕಣೋ, ಪೇಷಂಟಿಗೆ ತಲೆನೋವು ಬರುತ್ತೆ." ಆಮೇಲೆ ಕೈಯಲ್ಲಿ ಉಳಿದಿದ್ದ ಹಕ್ಕಿಯನ್ನು ನನಗೆ ನೀಡಿದರು. "ತಗೋ, ನಿಂದು."

"ಗಿಡದ ಆಸರೇನ ಯಾಕೆ ಹಿಡಿಯೋಕೆ ಹೋದ್ರಿ ಅತ್ತೆ?"

"ಮತ್ತೆ ಏನು ಹಿಡೀಲಿ? ಡಾಕ್ಟರು ಕೋಲು ಊರು ಅಂದ್ರು. ಊರಿದ್ದೆ. ನೀನು ಕಿತ್ತೆ."

ಆಗ ಕಿತ್ತೆಸೆದ ಕೋಲುಗಳ ಸಾಲು ಕಣ್ಣ ಮುಂದೆ ಬಂತು! ಹೊಸ್ತಿಲಿನಿಂದ ನಲ್ಲಿಗೆ, ನಲ್ಲಿಯಿಂದ ಟೊಮ್ಯಾಟೊಗೆ, ಅಲ್ಲಿಂದ ಬೀನ್ಸಿಗೆ. ಒಂದರಿಂದ ಇನ್ನೊಂದಕ್ಕೆ ಕೈ ಚಾಚಿದರೆ ಸಿಗುವಷ್ಟು ದೂರ, ಸೊಂಟದ ಎತ್ತರ. ಟೊಮ್ಯಾಟೊಗಳು ಅಲ್ಲಿ ಬಿಟ್ಟಿ ಬಿಡಾರ ಹೂಡಿದ್ದವು ಅಷ್ಟೇ. ಅತ್ತೆ ಎಷ್ಟು ದುಡಿಯುತ್ತಾರೆಂದು ನಾನು ಊರಿಗೆಲ್ಲ ಹೇಳುತ್ತಿದ್ದೆ. ಏನು ಹಿಡಿದು ನಿಂತು ದುಡಿಯುತ್ತಾರೆಂದು ನನ್ನ ಹದ್ದಿನ ಕಣ್ಣಿಗೆ ಬಿದ್ದಿರಲಿಲ್ಲ.

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ? ಕುರ್ಚೀಲಿ ಕೂರಿಸಿ, ಶಾಲು ಹೊದಿಸಿ, ತೋಟಕ್ಕೆ ಬೀಗ ಹಾಕ್ತಿದ್ರಿ. ನನಗೆ ಗೊತ್ತಿಲ್ವಾ? ಎಷ್ಟು ಜನರಿಗೆ ನಾನೇ ಹಾಗೆ ಮಾಡಿದೀನಿ."

ಗಂಡ ಅಂಗಡಿಗೆ ಫೋನ್ ಮಾಡಿ ರೇಗಾಡಿದ. ಆ ಕಡೆಯಿಂದ ಉತ್ತರ ಬಂತು: "ಗ್ಯಾರಂಟಿ ಟೊಮ್ಯಾಟೊಗೆ ಸಾರ್, ತಾಯಿಯವರಿಗಲ್ಲ."

ಹಳೆಯ ಕೋಲುಗಳು ಹೋದದ್ದು ಹೋದವು. ಅಂಥ ಕೋಲನ್ನು ಯಾವ ಅಂಗಡಿಯವನೂ ಮಾರುವುದಿಲ್ಲ; ಅದು ಒಂದು ಮನೆಯಲ್ಲಿ ಸವೆದೇ ಆಗಬೇಕು. ಚೆನ್ನಾಗಿದ್ದ ಮಾಪಿನ ಕೋಲನ್ನು ಕಳಚಿ ನಲ್ಲಿಯ ಪಕ್ಕ ಊರಿದೆ. ಗಂಡ ಈಗ ಬಗ್ಗಿ ಕೂತು ನೆಲ ಒರೆಸುತ್ತಾನೆ. ಆದರೆ ಕೋಲು ಅಲ್ಲಾಡುತ್ತದೆ. ಮಣ್ಣು ಕಚ್ಚಿಕೊಳ್ಳಲು ಒಂದು ಮಳೆಗಾಲವಾದರೂ ಬೇಕು ಎಂದರು ಅತ್ತೆ.

ಉಳುಕು ಇಳಿದ ದಿನ ಅವರು ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಒಳಗೆ.

"ಮಳೆಗಾಲ ಮುಗಿಯೋವರೆಗೆ ನನ್ನ ಭುಜ ಹಿಡ್ಕೊಳ್ಳಿ ಅತ್ತೆ," ಎಂದು ಪಕ್ಕದಲ್ಲಿ ಹೋಗಿ ನಿಂತೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಭುಜವನ್ನು ಒಮ್ಮೆ ಅಲ್ಲಾಡಿಸಿದರು.

"ಅಂದಕ್ಕೇನೂ ಕೊರತೆಯಿಲ್ಲ. ಬಾಳಿಕೆ ಬರುತ್ತಾ?"