ಬೆರಳಚ್ಚು ಕಾಲೇಜಿನ ಫೀ ಮರಳಿ ಕೊಡಿಸಿರೆಂದು ಬಂದವರು ಕಾಯುವ ಹೊತ್ತಿನಲ್ಲಿ ಕಚೇರಿಯಲ್ಲೇ ಬೆರಳಚ್ಚು ಕಲಿಯಬಾರದೆಂಬ ಬಗ್ಗೆ

ಸಂಖ್ಯೆ: ಕಾ.ನೆ./ಫೀ-ತಕರಾರು/ಬೆಂಚು/೧೭/೧೯೬೪-೬೫
ಇಂಡಿ, ದಿನಾಂಕ ೯-೩-೧೯೬೫

ಇವರಿಗೆ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಶಾಖೆಗಳ ಸಮಸ್ತ ಸಿಬ್ಬಂದಿ

ವಿಷಯ: ಮೇಲ್ಕಾಣಿಸಿದಂತೆ.

ಉಲ್ಲೇಖ: (೧) ಹೊರ್ತಿಯ ಕುಮಾರಿ ಖಾತುನಬಿ ಇವರ ಅರ್ಜಿ.
(೨) ಅದೇ ಅರ್ಜಿ, ಎರಡನೆಯ ಸಲ.
(೩) ಅದೇ ಅರ್ಜಿ, ಹನ್ನೊಂದನೆಯ ಸಲ.
(೪) ಕೋರ್ಟಿನಲ್ಲಿ ಈ ಕಚೇರಿಗೆ ಉಂಟಾದ ಮುಜುಗರ.

ಬಡವರಿಗೆ ಕೋರ್ಟಿನ ಕೆಲಸದಲ್ಲಿ ನೆರವಾಗುವುದು ಈ ಕಚೇರಿಯ ಕರ್ತವ್ಯವಾಗಿರುತ್ತದೆ. ಅಂಥ ನೆರವು ಅಕಸ್ಮಾತ್ ಆಗಿಯೇಬಿಟ್ಟರೆ ಒದಗುವ ತೊಂದರೆಗಳು ಉಲ್ಲೇಖಿತ ಪ್ರಕರಣದಿಂದ ಬೆಳಕಿಗೆ ಬಂದಿರುವುದರಿಂದ, ಪ್ರಕರಣದ ಸಂಗತಿಯನ್ನೂ ಮುಂದೆ ಪಾಲಿಸತಕ್ಕ ನಿಯಮಗಳನ್ನೂ ಕೆಳಗೆ ಕೊಡಲಾಗಿದೆ. ಜನ ಆಡಿದ ಮಾತನ್ನು ತಿದ್ದಿ ಬರೆಯುವ ಕಾರಕೂನರು ರಜೆಯ ಮೇಲಿರುವ ಕಾರಣ ಆ ಮಾತುಗಳನ್ನು ಆಡಿದಂತೆಯೇ ಇಡಲಾಗಿದೆ.

೧. ಇಂಡಿಯ ಶೇಂಗಾ ಅಡತಿ ಅಂಗಡಿಯೊಂದರ ಅಟ್ಟದ ಮೇಲೆ ಶ್ರೀ ಬಾಬುಲಾಲ ಎಂಬವರು ಖಾಸಗಿ ಬೆರಳಚ್ಚು ಕಾಲೇಜು ನಡೆಸುತ್ತಾರೆ. ‘ಆರು ತಿಂಗಳಲ್ಲಿ ಟೈಪಿಂಗ್, ಏಳನೆಯ ತಿಂಗಳಲ್ಲಿ ಸರಕಾರಿ ನೌಕರಿ’ ಎಂದು ಅವರ ಫಲಕ ಹೇಳುತ್ತದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಖಾತುನಬಿ ಆ ಫಲಕವನ್ನು ಪೂರ್ತಿ ಓದಿ ಪೂರ್ತಿ ನಂಬಿದಳು. ಊರೂರು ತಿರುಗಿ ಬಳೆ ಮಾರುವ ಆಕೆಯ ತಾಯಿ ಇಮಾಮಬಿ ಫೀಯನ್ನು ಒಂದೇ ಗಂಟಿನಲ್ಲಿ ಕಟ್ಟಿದರು.

ಕಾಲೇಜಿನಲ್ಲಿ ವಿದ್ಯಾರ್ಥಿಗಳು ನಲವತ್ತು ಮಂದಿ, ಯಂತ್ರ ಒಂದು. ಉಳಿದ ಮೂವತ್ತೊಂಬತ್ತು ಮಂದಿಗೆ ಅಕ್ಷರ ಬರೆದ ರಟ್ಟು ಕೊಟ್ಟು, ಅದರ ಮೇಲೆ ಬೆರಳು ಆಡಿಸಲು ಹೇಳಲಾಗುತ್ತಿತ್ತು. ನಾಲ್ಕು ತಿಂಗಳಲ್ಲಿ ಖಾತುನಬಿಯ ಪಾಳಿ ಎರಡು ಸಲ ಬಂತು. ಒಮ್ಮೆ ಯಂತ್ರಕ್ಕೆ ರಿಬ್ಬನ್ ಇರಲಿಲ್ಲ; ಇನ್ನೊಮ್ಮೆ ಪ್ರಿನ್ಸಿಪಾಲ ಬಾಬುಲಾಲರ ಮೈದುನನ ಲಗ್ನಪತ್ರಿಕೆ ಅದರಲ್ಲಿ ಸಿಕ್ಕಿಕೊಂಡಿತ್ತು.

ತಾಯಿ–ಮಗಳು ಫೀ ಮರಳಿ ಕೇಳಿದಾಗ ಬಾಬುಲಾಲರು, “ಕೊಟ್ಟ ಹೆಣ್ಣು ಕುಲಕ್ಕ ಹೊರಗು. ಕೊಟ್ಟ ಫೀನೂ ಹಂಗ ತಿಳೀರಿ” ಎಂದರು.

“ಹೆಣ್ಣು ಇನ್ನೂ ಕೊಟ್ಟಿಲ್ಲರಿ” ಎಂದರು ಇಮಾಮಬಿ. “ಅಕಿ ಲಗ್ನಕ್ಕಂತ ಕೂಡಿಸಿದ ರೊಕ್ಕ ಅದು. ಲಗ್ನ ಈಗ ಒಲ್ಲೆ, ಕಲೀತೇನಿ ಅಂದ್ಲು. ಲಗ್ನಾನೂ ಆಗ್ಲಿಲ್ಲ, ಕಲಿಯೂದೂ ಆಗ್ಲಿಲ್ಲ.”

ಅಟ್ಟದ ಮೆಟ್ಟಿಲು ಇಳಿಯುವಾಗಲೂ ಖಾತುನಬಿಯ ಬೆರಳುಗಳು ತಾಯಿಯ ಬಳೆ ಬುಟ್ಟಿಯ ಅಂಚಿನ ಮೇಲೆ ತಾವೇ ಆಡುತ್ತಿದ್ದವು. ಅದಕ್ಕಾಗಿ ಆಕೆಗೆ ನಾಚಿಕೆಯೂ ಸಿಟ್ಟೂ ಬಂತು.

೨. ಅಲ್ಲಿಂದ ಆಕೆ ನೆಟ್ಟಗೆ ಈ ಕಚೇರಿಗೆ ಬಂದಳು. ಕಾರಕೂನ ಶ್ರೀ ಶ್ರೀಶೈಲಪ್ಪನವರು ಆಕೆಗೆ ನಿಯಮವನ್ನು ಓದಿ ಹೇಳಿದರು. ಈ ನಿಯಮವನ್ನು ಎಲ್ಲ ಶಾಖೆಗಳ ಅವಗಾಹನೆಗಾಗಿ ಮತ್ತೊಮ್ಮೆ ಇಲ್ಲಿ ಉದ್ಧರಿಸಲಾಗಿದೆ:

(ಅ) ತನಗೆ ಬೆರಳಚ್ಚು ಕಲಿಸಿಲ್ಲವೆಂಬ ಅರ್ಜಿಯನ್ನು ಅರ್ಜಿದಾರರು ಸ್ವತಃ ಬೆರಳಚ್ಚು ಮಾಡಿ ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.
(ಆ) ಅರ್ಜಿಯಲ್ಲಿ ತಪ್ಪುಗಳಿದ್ದರೆ ಅದನ್ನು ಹಿಂದಿರುಗಿಸತಕ್ಕದ್ದು.
(ಇ) ತಪ್ಪುಗಳಿಲ್ಲದಿದ್ದರೆ, ಕಲಿಸಿದ್ದಾರೆಂದೇ ಅರ್ಥವಾಗುವುದರಿಂದ, ಅರ್ಜಿಯನ್ನು ವಜಾ ಮಾಡತಕ್ಕದ್ದು.

ಖಾತುನಬಿ ಇದನ್ನು ಎರಡು ಸಲ ಹೇಳಿಸಿ ಕೇಳಿದಳು. “ಹಂಗಾದ್ರ ನಾ ಏನ ಮಾಡ್ಲಿರಿ?”

“ಬೆಂಚಿನ ಮ್ಯಾಲ ಕೂಡು ತಂಗಿ. ಸಾಹೇಬರು ಬರ್ತಾರ.”

ಸಾಹೇಬರು ಬಸವನ ಬಾಗೇವಾಡಿಗೆ ಶಾಖೆ ತಪಾಸಣೆಯ ದೌರೆ ಹೋಗಿದ್ದರು. ಶುಕ್ರವಾರ ಮರಳುವವರಿದ್ದರು. ಶುಕ್ರವಾರ ವಿಚಾರಿಸಲಾಗಿ, ಮುದ್ದೇಬಿಹಾಳಕ್ಕೆ ಹೋದರೆಂದು ತಿಳಿದುಬಂತು. ಹೀಗೆ ಆಕೆ ಹತ್ತು ಸಲ ಬಂದು ಹತ್ತು ಸಲ ಕೂತಳು. ಕೂತುಕೊಳ್ಳಲು ಕಚೇರಿಯು ಯಾವ ಶುಲ್ಕವನ್ನೂ ಪಡೆದಿಲ್ಲ ಎಂಬುದನ್ನು ಗಮನಕ್ಕೆ ತರಲಾಗಿದೆ.

೩. ಆ ಬೆಂಚಿನ ಮೇಲೆ ಆಕೆ ಒಬ್ಬಳೇ ಇರಲಿಲ್ಲ. ಕಂಪೌಂಡರ್ ಕೋರ್ಸಿಗೆ ಫೀ ತುಂಬಿ ನಾಲ್ಕು ತಿಂಗಳು ಬಾಟಲಿ ತೊಳೆದ ಹೂವಿನ ಹಿಪ್ಪರಗಿ ಊರಿನವರಿದ್ದರು. ಮಗನನ್ನು ರೇಡಿಯೋ ಕಾಲೇಜಿಗೆ ಸೇರಿಸಿ, ಬರೀ ರೇಡಿಯೋ ಕೇಳಿಸಿ ಕಳಿಸಿದರೆಂದು ದೂರುವ ಮನಗೂಳಿಯವರಿದ್ದರು. ಎಲ್ಲರಿಗೂ ಬೆರಳಚ್ಚಾದ ಅರ್ಜಿ ಬೇಕು. ಕಚೇರಿಯ ಬೆರಳಚ್ಚುಗಾರರು ಮೂಲವ್ಯಾಧಿಯ ನಿಮಿತ್ತ ದೀರ್ಘ ರಜೆಯಲ್ಲಿದ್ದು, ಯಂತ್ರವು ಹಸಿರು ಬಟ್ಟೆ ಹೊದ್ದು ಸುಮ್ಮನೆ ಕೂತಿತ್ತು.

ಖಾತುನಬಿ ಆರನೆಯ ಸಲ ಬಂದ ದಿನ ಶ್ರೀಶೈಲಪ್ಪನವರು ಬಟ್ಟೆ ಸರಿಸಿ, ಒಂದೇ ಬೆರಳಿನಿಂದ ಒಂದು ಜ್ಞಾಪನ ಪತ್ರ ಹೊಡೆಯಲು ಕೂತರು. ಒಂದು ಅಕ್ಷರ ಹುಡುಕುತ್ತ ಅವರ ಬೆರಳು ಬಹಳ ಹೊತ್ತು ಗಾಳಿಯಲ್ಲಿ ನಿಂತಿತು.

“ಎಡಕ್ಕ ಐತ್ರಿ, ಮ್ಯಾಲಿನ ಸಾಲಿನ್ಯಾಗ” ಎಂದಳು ಬೆಂಚಿನಿಂದ ಖಾತುನಬಿ. ರಟ್ಟು ಆಕೆಗೆ ಬಾಯಿಪಾಠವಾಗಿತ್ತು.

ಶ್ರೀಶೈಲಪ್ಪನವರು ನೋಡಿದರು. ಅಕ್ಷರ ಅಲ್ಲೇ ಇತ್ತು. ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. “ಬಾ ತಂಗಿ, ನೀನ ಹೊಡಿ. ನನ್ನ ಕೈಲೆ ಆಗೂದಿಲ್ಲ ಇದು.”

ಮೊದಲನೆಯ ಅಕ್ಷರ ಒತ್ತಿದಾಗ ಬಂದ ಸದ್ದಿಗೆ ಆಕೆ ಬೆಚ್ಚಿ ಕೈ ಹಿಂದೆ ತೆಗೆದುಕೊಂಡಳೆಂದೂ, ರಟ್ಟು ಎಂದೂ ಸದ್ದು ಮಾಡಿರಲಿಲ್ಲವೆಂದೂ, ಆಮೇಲೆ ಕಾಗದದ ಮೇಲೆ ಮೂಡಿದ ಆ ಒಂದು ಅಕ್ಷರವನ್ನು ಆಕೆ ಬಹಳ ಹೊತ್ತು ನೋಡುತ್ತಿದ್ದಳೆಂದೂ ಶ್ರೀಶೈಲಪ್ಪನವರು ಹೇಳಿಕೆ ಕೊಟ್ಟಿದ್ದಾರೆ. ಇದು ದಾಖಲೆಗೆ ಸೇರತಕ್ಕ ಸಂಗತಿಯಲ್ಲ. ಸೇರಿಹೋಗಿದೆ.

ಮೂರು ತಿಂಗಳಲ್ಲಿ ಬೆಂಚಿನ ಮೇಲಿದ್ದವರೆಲ್ಲರ ಅರ್ಜಿಗಳೂ ಆಕೆಯ ಕೈಯಿಂದ ಬೆರಳಚ್ಚಾಗಿ ವಿಲೇವಾರಿಯಾದವು. ಕೆಲಸದ ಚುರುಕಿಗಾಗಿ ಮೇಲಿನಿಂದ ಈ ಕಚೇರಿಗೆ ಪ್ರಶಂಸಾಪತ್ರ ಬಂದಿರುತ್ತದೆ. ಸದರಿ ಅರ್ಜಿಗಳನ್ನು ಇನ್ನು ಮುಂದೆ ಯಾರೂ ಬೆರಳಚ್ಚು ಮಾಡಿಲ್ಲವೆಂದು ಪರಿಗಣಿಸತಕ್ಕದ್ದು. ಪ್ರಶಂಸಾಪತ್ರವು ಊರ್ಜಿತವಿರುತ್ತದೆ.

೪. ಹನ್ನೊಂದನೆಯ ಸಲ ಖಾತುನಬಿ ತನ್ನದೇ ಅರ್ಜಿಯನ್ನು ಒಂದೂ ತಪ್ಪಿಲ್ಲದೆ ಹೊಡೆದು ಕೊಟ್ಟಳು. ೨(ಇ) ನಿಯಮದಂತೆ ಅದನ್ನು ವಜಾ ಮಾಡಲು ಸಿದ್ಧತೆ ನಡೆದಿರುವಾಗ, ಕಚೇರಿಯ ಯಾದಿಯಲ್ಲಿದ್ದ ವಕೀಲ ಶ್ರೀ ಅಬ್ದುಲಗನಿಯವರು ಬೇರೆ ಕೆಲಸಕ್ಕೆ ಬಂದವರು ಆ ಕಾಗದ ಓದಿದರು. ಓದಿ, ಕೆಮ್ಮಿದರು. “ಇದನ್ನ ವಜಾ ಮಾಡಬ್ಯಾಡ್ರಿ. ನಾ ಕೋರ್ಟಿಗೆ ಒಯ್ತೇನಿ” ಎಂದು ಕಂಕುಳಲ್ಲಿ ಇಟ್ಟುಕೊಂಡು ಹೋದರು. ವಕೀಲರು ನೆರವು ನೀಡುವ ಮುನ್ನ ಹದಿನೈದು ದಿನಗಳ ನೋಟಿಸು ಕೊಡತಕ್ಕದ್ದೆಂದು ಈ ಮೂಲಕ ವಿಧಿಸಲಾಗಿದೆ.

ದಾವೆಯ ಸುದ್ದಿ ತಿಳಿದು ಬಾಬುಲಾಲರು ಕಚೇರಿಗೆ ಬಂದರು, ಬಾಗಿಲಲ್ಲೇ ನಿಂತು ಯಂತ್ರದ ಮೇಲೆ ಓಡುತ್ತಿದ್ದ ಖಾತುನಬಿಯ ಹತ್ತು ಬೆರಳುಗಳನ್ನು ನೋಡಿದರು, ಹೋದರು. ಮರುದಿನ ಅವರ ಫಲಕದ ಕೆಳಗೆ ‘ನಮ್ಮ ವಿದ್ಯಾರ್ಥಿನಿ ಸರಕಾರಿ ಕಚೇರಿಯಲ್ಲಿ’ ಎಂಬ ಹೊಸ ಸಾಲು ಕಾಣಿಸಿಕೊಂಡಿತು. ಕೋರ್ಟಿನಲ್ಲಿ ಅವರು, ಕಾಲೇಜಿನಿಂದಲೇ ಆಕೆಗೆ ಟೈಪಿಂಗ್ ಬಂದಿದೆಯೆಂದೂ, ಫಲಕದಲ್ಲಿ ಹೇಳಿದ ಆರು ತಿಂಗಳ ಬದಲು ನಾಲ್ಕೇ ತಿಂಗಳಲ್ಲಿ ಕಲಿತಿರುವುದರಿಂದ ಆಕೆಯೇ ಇನ್ನಷ್ಟು ಫೀ ಕೊಡಬೇಕೆಂದೂ ಹೇಳಿಕೆ ಕೊಟ್ಟರು.

೫. ಹಾಗಾದರೆ ಕಲಿತದ್ದು ಎಲ್ಲಿ ಎಂದು ಮುನಸೀಫರು ಖಾತುನಬಿಯನ್ನು ಕೇಳಿದರು.

ಅಂದು ಬೆಳಿಗ್ಗೆಯೇ ಆಕೆ ಶ್ರೀಶೈಲಪ್ಪನವರಿಗೆ, “ನಿಮ್ಮ ಹೆಸರು ಎತ್ತೂದಿಲ್ಲರಿ. ರೊಕ್ಕ ಹೋದ್ರ ಹೋಗ್ಲಿ, ನಿಮ್ಮ ನೌಕರಿ ಹೋಗಬಾರ್ದು” ಎಂದು ಹೇಳಿದ್ದಳು. ಸರಕಾರಿ ಯಂತ್ರವನ್ನು ಹೊರಗಿನವರ ಕೈಗೆ ಕೊಡುವುದು ಎಂಥ ತಪ್ಪೆಂಬುದು ಅಷ್ಟು ಕಾಗದ ಹೊಡೆದ ಮೇಲೆ ಆಕೆಗೆ ಗೊತ್ತಾಗಿತ್ತು. ಆದ್ದರಿಂದ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಳು. ತಾಯಿಯ ಮುಖ ನೋಡಲು ಧೈರ್ಯ ಸಾಲಲಿಲ್ಲ. ಊರೂರಿನ ಧೂಳು ತುಳಿದು ಕೂಡಿಸಿದ ಗಂಟು ತನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ತಿಳಿದೂ ಬಾಯಿ ಬಿಡಲಿಲ್ಲ.

ಆಗ, ಕಡತ ಹೊತ್ತು ತಂದು ಹಿಂದೆ ನಿಂತಿದ್ದ ಶ್ರೀಶೈಲಪ್ಪನವರು, ಯಾರೂ ಕೇಳದಿದ್ದರೂ, ಮುಂದೆ ಬಂದರು.

“ನಮ್ಮ ಕಚೇರಿಯೊಳಗ ಕಲ್ತಾಳ್ರಿ ಸಾಹೇಬ್ರ. ಮಿಶನ್ ಸರಕಾರದ್ದು, ಕುರ್ಚಿ ನಂದು.”

“ಕಲಿಸಿದವರು ನೀವೇನು?”

“ಅಲ್ಲರಿ. ನನಗ ಬರೂದಿಲ್ಲ. ಅಕಿ ತಾನ ಕಲ್ತಾಳ.”

ಈ ಮಾತಿನ ಆಧಾರದ ಮೇಲೆ ಪೂರ್ತಿ ಫೀ ಮರಳಿಸುವಂತೆ ತೀರ್ಪಾಯಿತು. ರೊಕ್ಕ ಖರ್ಚಾಗಿದೆಯೆಂದು ಬಾಬುಲಾಲರು ಕೈ ಮುಗಿದರು. “ಹಂಗಾದ್ರ ಮಿಶನ್ ಕೊಡ್ರಿ” ಎಂದರು ಇಮಾಮಬಿ. ಎರಡೂ ಕಡೆಯವರ ಒಪ್ಪಿಗೆಯಿಂದ, ಕಾಲೇಜಿನ ಏಕಮಾತ್ರ ಯಂತ್ರ ತಾಯಿ–ಮಗಳಿಗೆ ಹಸ್ತಾಂತರವಾಯಿತು. ಕಾಲೇಜು ಈಗ ನಲವತ್ತು ರಟ್ಟುಗಳಿಂದ ನಡೆಯುತ್ತಿದ್ದು, ಶಿಕ್ಷಣದಲ್ಲಿ ಯಾವ ವ್ಯತ್ಯಾಸವೂ ಕಂಡುಬಂದಿಲ್ಲ.

೬. ಶ್ರೀಶೈಲಪ್ಪನವರ ಮೇಲೆ ಏಕೆ ಕ್ರಮ ಕೈಗೊಳ್ಳಬಾರದೆಂದು ಕೇಳಲಾಗಿದೆ. ಅವರ ಉತ್ತರವು ಕೈಬರಹದಲ್ಲಿರುವ ಕಾರಣ ಹಿಂದಿರುಗಿಸಲಾಗಿದೆ. ಅವರು ಬೆರಳಚ್ಚು ಕಲಿಯುವವರೆಗೆ ಅವಧಿಯನ್ನು ವಿಸ್ತರಿಸಲಾಗಿದೆ. ಕಚೇರಿಯಲ್ಲಿ ಕಲಿಯುವುದನ್ನು ಈ ಸುತ್ತೋಲೆಯೇ ನಿಷೇಧಿಸಿರುವುದರಿಂದ ಅವರು ಎಂದಿನಂತೆ ಕೆಲಸಕ್ಕೆ ಬರತಕ್ಕದ್ದು.

೭. ಇನ್ನು ಮುಂದೆ ನಾಲ್ಕೂ ಶಾಖೆಗಳಲ್ಲಿ:

(ಅ) ಅರ್ಜಿದಾರರು ಯಂತ್ರಕ್ಕೆ ಬೆನ್ನು ಮಾಡಿ, ಗೋಡೆ ನೋಡುತ್ತ ಕೂಡತಕ್ಕದ್ದು.
(ಆ) ಬೆರಳುಗಳನ್ನು ಮಡಚಿ ಇಟ್ಟುಕೊಳ್ಳತಕ್ಕದ್ದು. ಜಪಮಣಿ ಅಥವಾ ತಸಬಿ ಎಣಿಸುವವರು ಪೂರ್ವಾನುಮತಿ ಪಡೆದು ಒಂದು ಕೈ ಬಳಸಬಹುದು.
(ಇ) ಯಂತ್ರದ ಸದ್ದು ಕೇಳಿಸಿದರೆ ಅಡ್ಡಿಯಿಲ್ಲ, ಅರ್ಥವಾಗಬಾರದು.
(ಈ) ಕಣ್ತಪ್ಪಿನಿಂದ ಕಲಿತವರು ಏಳು ದಿನಗಳೊಳಗೆ ಮರೆತು, ಮರೆತದ್ದರ ಬಗ್ಗೆ ಸರಕಾರಿ ವೈದ್ಯರ ದಾಖಲೆ ತರತಕ್ಕದ್ದು.

೮. ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಯಂತ್ರ ಇಟ್ಟುಕೊಂಡು ಕೂತವರ ಹತ್ತಿರ ನಾಲ್ಕೂ ತಾಲೂಕಿನ ಜನ ಅರ್ಜಿ ಹೊಡೆಸುತ್ತಿದ್ದಾರೆಂದೂ, ಕಚೇರಿಯ ಬೆಂಚು ಬರಿದಾಗಿದೆಯೆಂದೂ ವರದಿಯಾಗಿದೆ. ಗಿಡದ ನೆರಳು ಇಲಾಖೆಯ ವ್ಯಾಪ್ತಿಗೆ ಬರುವುದೋ ಇಲ್ಲವೋ ಎಂಬುದನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದು ತಿಳಿಸಲು ಪಟ್ಟೇವಾಲರಿಗೆ (ಜವಾನರಿಗೆ) ಸೂಚಿಸಲಾಗಿದೆ.

(ಸಹಿ)
ಅಧಿಕಾರಿಗಳ ಪರವಾಗಿ
(ಅಧಿಕಾರಿಗಳು ಸಿಂದಗಿಗೆ ದೌರೆ)

ಪ್ರತಿಗಳು:
೧. ನಾಲ್ಕೂ ಶಾಖೆಗಳ ಗೋಡೆಗಳಿಗೆ, ಅರ್ಜಿದಾರರು ನೋಡುತ್ತ ಕೂಡುವ ಕಡೆ.
೨. ಪ್ರಿನ್ಸಿಪಾಲ ಶ್ರೀ ಬಾಬುಲಾಲ ಇವರಿಗೆ, ಮಾಹಿತಿಗಾಗಿ, ಫಲಕಕ್ಕೆ ಬಳಸಬಾರದು.
೩. ಶ್ರೀ ಶ್ರೀಶೈಲಪ್ಪ, ಕಾರಕೂನ. ಓದಿದ್ದಕ್ಕೆ ಸಹಿ ಮಾಡತಕ್ಕದ್ದು, ನಗಬಾರದು.
೪. ಕುಮಾರಿ ಖಾತುನಬಿ, ಬೇವಿನ ಗಿಡದ ಕೆಳಗೆ. ಇವರಿಗೆ ಪ್ರತಿ ಕಳಿಸುವ ಅಗತ್ಯ ಕಂಡುಬರಲಿಲ್ಲ. ಕಚೇರಿಗೆ ಬೆರಳಚ್ಚುಗಾರರಿಲ್ಲದ ಪ್ರಯುಕ್ತ ಸುತ್ತೋಲೆಯನ್ನು ಅವರಲ್ಲೇ ಹೊಡೆಸಲಾಗಿದ್ದು, ಪುಟಕ್ಕೆ ನಾಲ್ಕಾಣೆಯಂತೆ ಮುಟ್ಟಿಸುವವರೆಗೆ ಮೂಲಪ್ರತಿ ಅವರ ಬಳಿಯೇ ಇರುತ್ತದೆ.